ಶೇಷಗಿರಿಯವರನ್ನು ಕರೆದ ಕಂಪನಿ

ಅವತ್ತು ಬೆಳಗಿನ ತಿಂಡಿಯ ಹೊತ್ತಿಗೆ ನಾವು ಮೂವರೂ ಮನೆಯಲ್ಲೇ ಇದ್ದೆವು. ಅಪ್ಪ ಊಟದ ಮೇಜಿನ ತುದಿಯಲ್ಲಿ, ಫ್ಯಾನಿನ ಗಾಳಿ ನೇರವಾಗಿ ತಲೆಗೆ ಬೀಳುವ ತಮ್ಮ ಖಾಯಂ ಕುರ್ಚಿಯಲ್ಲಿ ಕೂತಿದ್ದರು. ಅಮ್ಮ ಒಲೆಯ ಮುಂದೆ ನಿಂತು ಪೆಸರಟ್ಟು, ಅಂದರೆ ಹೆಸರುಕಾಳಿನ ದೋಸೆ, ಹುಯ್ಯುತ್ತಿದ್ದಳು. ನಾನು ಇಬ್ಬರ ನಡುವೆ ತಟ್ಟೆ ಸಾಗಿಸುವ ಕೆಲಸದಲ್ಲಿದ್ದೆ. ವಿಶಾಖಪಟ್ಟಣದ ಬೇಸಗೆ ಗೊತ್ತಲ್ಲ, ಸಮುದ್ರ ಇಷ್ಟು ಹತ್ತಿರವಿದ್ದೂ ತಿಂಡಿಯ ಹೊತ್ತಿಗೇ ಬೆನ್ನಿಗೆ ಬಟ್ಟೆ ಅಂಟಿಸಿಬಿಡುತ್ತದೆ. ಹಾಗಾಗಿ ಯಾರೂ ಮಾತಿನ ಹುರುಪಿನಲ್ಲಿರಲಿಲ್ಲ. ಅಪ್ಪ ಕೈಯಲ್ಲಿದ್ದ ಟ್ಯಾಬನ್ನು ಮಗುಚಿಟ್ಟು, ಕನ್ನಡಕ ತೆಗೆದು ಅದರ ಮೇಲಿಟ್ಟು, ಗಂಟಲು ಸರಿಮಾಡಿಕೊಂಡರು.

“ಇವಳೇ, ಈ ಸಲ ಒಪ್ಪಿಕೊಂಡುಬಿಟ್ಟೆ ಕಣೇ.”

“ಏನನ್ನ?” ಅಮ್ಮ ತಿರುಗಿ ನೋಡಲಿಲ್ಲ.

“ಟ್ರಾನ್ಸ್‌ಫರನ್ನ.”

ಅಮ್ಮ ಈಗ ತಿರುಗಿದಳು. ಅಪ್ಪ ಬ್ಯಾಂಕಿನಿಂದ ನಿವೃತ್ತರಾಗಿ ಎಷ್ಟೋ ವರ್ಷಗಳಾಗಿದ್ದವು.

“ರಿಟೈರಾದವರಿಗೆ ಎಂಥ ಟ್ರಾನ್ಸ್‌ಫರ್ ರೀ? ಸೆಕೆಗೆ ತಲೆಗೇನಾದ್ರೂ ಏರಿತಾ?”

“ಬ್ಯಾಂಕಲ್ಲ ಕಣೇ, ದೊಡ್ಡ ಕಂಪನಿ. ಅಮೆರಿಕದ್ದು. ಅವರಾಗೇ ಬರೆದಿದಾರೆ. ನಾನು ಅರ್ಜಿ ಹಾಕಿಲ್ಲ, ಯಾರ ಕೈಲೂ ಹೇಳಿಸಿಲ್ಲ. ನಿಮ್ಮ ಅನುಭವ ನೋಡಿ ಬೆರಗಾದೆವು ಅಂತಾರೆ. ಬರ್ತೀನಿ ಅಂತ ಉತ್ತರ ಬರೆದು, ಫೋನ್ ನಂಬರೂ ಕೊಟ್ಟೆ.”

“ಯಾವೂರಿಗೆ ಹಾಕ್ತಾರಂತೆ?”

“ಬೆಂಗಳೂರು.”

ಕಾವಲಿಯ ಮೇಲಿದ್ದ ಪೆಸರಟ್ಟು ಸೀದುಹೋಯಿತು. ಒಂದು ಕಾಳು ಕೆಳಗೆ ಬಿದ್ದರೂ ಬಗ್ಗಿ ಎತ್ತಿಕೊಳ್ಳುವ ಅಮ್ಮ, ಅದನ್ನು ಎತ್ತಿ ಬದಿಗಿಡಲೂ ಇಲ್ಲ. ಅವಳ ತವರು ಹಾಸನ. ಬೆಂಗಳೂರಿನಲ್ಲಿ ತಿಂಡಿ ತಿಂದು ಬಸ್ಸು ಹತ್ತಿದರೆ ಊಟಕ್ಕೆ ಹಾಸನ ಎಂಬ ಲೆಕ್ಕ ಅವಳ ಮುಖದ ಮೇಲೆ ಓಡುತ್ತಿದ್ದದ್ದು ನನಗೆ ಕಾಣುತ್ತಿತ್ತು. ನನಗೆ ಇನ್ನೊಂದೂ ಕಾಣುತ್ತಿತ್ತು. ಆ ಪತ್ರ ಬಂದದ್ದು ಅಪ್ಪನಿಗಲ್ಲ, ನನಗೆ.

ಇಲ್ಲಿ ನನ್ನ ಹೊಟ್ಟೆಪಾಡಿನ ವಿಚಾರ ಸ್ವಲ್ಪ ಹೇಳಬೇಕು. ಮದುವೆಯ ಗೊಡವೆಗೆ ಹೋಗದೆ ಕಂಪ್ಯೂಟರಿನ ಗೊಡವೆಗೆ ಹೋದವಳು ನಾನು. ವಿಶಾಖಪಟ್ಟಣದ ಒಂದು ಸಣ್ಣ ಕಂಪನಿಯಲ್ಲಿ, ಬ್ಯಾಂಕುಗಳ ಒಂದು ಕಡೆಯ ಲೆಕ್ಕವನ್ನು ಇನ್ನೊಂದು ಕಡೆಯ ಲೆಕ್ಕದೊಂದಿಗೆ ತಾಳೆ ಹಾಕುವ ಪ್ರೋಗ್ರಾಮು ಬರೆಯುತ್ತೇನೆ. ನನ್ನ ಕಸುಬಿನವರಿಗೆ ಒಂದು ವಿಚಿತ್ರ ಭಾಗ್ಯವಿದೆ. ನಾವು ಯಾರನ್ನೂ ಏನೂ ಕೇಳದಿದ್ದರೂ ದೊಡ್ಡ ದೊಡ್ಡ ಕಂಪನಿಗಳು ನಮಗೆ ಪ್ರೇಮಪತ್ರ ಬರೆಯುತ್ತವೆ. ನಿಮ್ಮ ಕೆಲಸ ನೋಡಿ ಮೈಮರೆತೆವು ಎನ್ನುತ್ತವೆ. ನಿಮ್ಮಂಥವರನ್ನೇ ಹುಡುಕುತ್ತಿದ್ದೆವು, ಸ್ವಲ್ಪ ಹೊತ್ತು ಮಾತಾಡಬಹುದೇ ಎನ್ನುತ್ತವೆ. ಮೊದಲ ಪತ್ರ ಬಂದಾಗ ನಾನು ಎಂಥ ಹಿಗ್ಗಿನಲ್ಲಿದ್ದೆನೆಂದರೆ, ಆಫೀಸಿನಲ್ಲಿ ಎಲ್ಲರಿಗಿಂತ ಮೆತ್ತಗೆ ಮಾತಾಡತೊಡಗಿದೆ, ನನ್ನ ದೊಡ್ಡಸ್ತಿಕೆಯಿಂದ ಯಾರಿಗೂ ನೋವಾಗದಿರಲಿ ಎಂದು. ಸಂಜೆ ಕ್ಯಾಂಟೀನಿನಲ್ಲಿ ವಿಚಾರಿಸಿದರೆ ಅದೇ ಪತ್ರ, ಅದೇ ಮೈಮರೆವು, ಪಕ್ಕದ ಮೂರು ಕುರ್ಚಿಗಳಿಗೂ ಬಂದಿತ್ತು. ಮದುವೆಮನೆಯ ಬಾಗಿಲಲ್ಲಿ ಪನ್ನೀರು ಚಿಮುಕಿಸುವವರನ್ನು ನೋಡಿದ್ದೀರಲ್ಲ? ನೀವು ಗಂಡಿನ ಕಡೆಯವರೋ, ಹೆಣ್ಣಿನ ಕಡೆಯವರೋ, ದಾರಿ ತಪ್ಪಿ ಬಂದವರೋ ಅವರಿಗೆ ಬೇಕಿಲ್ಲ. ನಗುತ್ತಾ ಚಿಮುಕಿಸುತ್ತಾರೆ. ಈ ಪತ್ರಗಳೂ ಹಾಗೇ.

ಆಮೇಲಾಮೇಲೆ ಬೆಳಗಿನ ಕಾಫಿಯ ಜೊತೆಗೆ ಅವನ್ನು ಅಳಿಸಿಹಾಕುವುದು ನನ್ನ ದಿನಚರಿಯಾಯಿತು. ಬೆಂಗಳೂರು ಅಳಿಸಿದೆ, ಹೈದರಾಬಾದ್ ಅಳಿಸಿದೆ, ಮತ್ತೆ ಬೆಂಗಳೂರು ಅಳಿಸಿದೆ. ಪತ್ರಗಳೆಲ್ಲ ಬರೀ ಪನ್ನೀರಲ್ಲ, ಕೆಲವು ನಿಜವಾದ ಕರೆಗಳೂ ಇದ್ದವೆಂದು ಬಲ್ಲೆ. ಆದರೆ ಅಪ್ಪ ಅಮ್ಮ ಈ ಕರಾವಳಿಗೆ ಒಗ್ಗಿಹೋಗಿದ್ದಾರೆ, ಈ ವಯಸ್ಸಿನಲ್ಲಿ ಅವರನ್ನು ಎಬ್ಬಿಸಿಕೊಂಡು ಹೋಗುವುದು ಬೇಡ ಎಂದು ನನ್ನಷ್ಟಕ್ಕೆ ತೀರ್ಮಾನಿಸಿಕೊಂಡಿದ್ದೆ. ಅದನ್ನು ಬಾಯಿಬಿಟ್ಟು ಹೇಳಿದವಳಲ್ಲ. ಮನಸ್ಸಿನಲ್ಲೇ ತ್ಯಾಗ ಮಾಡಿ, ಮನಸ್ಸಿನಲ್ಲೇ ನನಗೆ ಹಾರ ಹಾಕಿಕೊಳ್ಳುತ್ತಿದ್ದೆ.

ಮಗಳಿಗೆ ಬಂದ ಪತ್ರ ಅಪ್ಪನದು ಹೇಗಾಯಿತು ಎಂದು ಕೇಳುತ್ತೀರಿ. ಅದಕ್ಕೆ ವಿಜಯವಾಡಕ್ಕೆ ಹೋಗಬೇಕು.

ನನ್ನನ್ನು ಒಂದನೇ ತರಗತಿಗೆ ಸೇರಿಸುವ ವರ್ಷವೇ ಅಪ್ಪನನ್ನು ಬ್ಯಾಂಕಿನವರು ಹಾಸನದಿಂದ ಎತ್ತಿ ವಿಜಯವಾಡದ ಒನ್ ಟೌನ್ ಶಾಖೆಗೆ ಹಾಕಿದರು. ಸಗಟು ಅಂಗಡಿಗಳ ಆ ಗಲ್ಲಿಗಳಲ್ಲಿ ಮೆಣಸಿನಕಾಯಿ ಮೂಟೆ ಇಳಿಸುವಾಗಿನ ಘಾಟಿಗೆ ನಾನು ಮೊದಲ ದಿನವೇ ಸೀನಿ ಸೀನಿ ಅತ್ತೆನಂತೆ. ಅಪ್ಪ ಮಾತ್ರ ಧೈರ್ಯವಾಗಿದ್ದರು. “ಅಕ್ಷರ ನಮ್ಮವೇ ಕಣೇ, ತಲೆ ಮಾತ್ರ ಬೇರೆ ಥರ ಬಾಚಿದಾರೆ” ಎಂದು ಅಮ್ಮನಿಗೆ ಅಂಗಡಿಗಳ ಬೋರ್ಡು ತೋರಿಸಿ, ತಿಂಗಳೊಪ್ಪತ್ತಿನಲ್ಲಿ ತೆಲುಗು ಬಂದೇಬಿಟ್ಟಿತೆಂದು ಸಾರಿದರು. ಆ ಧೈರ್ಯದಲ್ಲೇ ನನ್ನ ಕೈಹಿಡಿದು ಶಾಲೆಗೆ ಹೋದರು.

ಶಾಲೆಯ ಗುಮಾಸ್ತರು ಕೇಳಿದರು: “ಇಂಟಿ ಪೇರು ಏಮಿಟಂಡಿ?”

ತೆಲುಗರಲ್ಲಿ ಪ್ರತಿಯೊಬ್ಬರಿಗೂ ಒಂದು ಮನೆತನದ ಹೆಸರಿರುತ್ತದೆ. ಅದು ಅವರ ಸ್ವಂತ ಹೆಸರಿಗಿಂತ ಮುಂಚೆ ಬರುತ್ತದೆ. ಅದೇ ಇಂಟಿ ಪೇರು. ನಮ್ಮ ಕಡೆ ಅಂಥದ್ದಿಲ್ಲ. ಅಪ್ಪ ತಮ್ಮ ಹೊಸ ತೆಲುಗನ್ನು ಕನ್ನಡದ ತಕ್ಕಡಿಯಲ್ಲಿ ತೂಗಿದರು. ಇಲ್ಲು ಎಂದರೆ ಮನೆ, ಪೇರು ಎಂದರೆ ಹೆಸರು. ಮನೆ ಯಾರ ಹೆಸರಿನಲ್ಲಿದೆ ಎಂದು ಕೇಳುತ್ತಿದ್ದಾರೆ! ಆ ವಾರವಷ್ಟೇ ಬಾಡಿಗೆ ಕರಾರಿಗೆ ಸಹಿ ಹಾಕಿ ಬಂದಿದ್ದ ಅಪ್ಪ ಎದೆಯುಬ್ಬಿಸಿ, “ನಾ ಪೇರೇನಂಡಿ. ಶೇಷಗಿರಿ” ಎಂದರು. ಗುಮಾಸ್ತರು ಬರೆದುಕೊಂಡರು. ವಸುಧಾ ಎಂಬ ನಾನು ಅವತ್ತಿನಿಂದ ಶೇಷಗಿರಿ ವಸುಧಾ ಆದೆ.

ವಿಜಯವಾಡದಲ್ಲಿ ಇದರಿಂದ ಯಾರಿಗೂ ತೊಂದರೆಯಾಗಲಿಲ್ಲ, ನನಗೊಬ್ಬಳಿಗೆ ಬಿಟ್ಟು. “ಒಸೇ ಶೇಷಗಿರೀ, ನೀ ಡಬ್ಬಾಲೋ ಏಮುಂದೇ?” ಎಂದು ಗೆಳತಿಯರು ನನ್ನ ಚಿತ್ರಾನ್ನದ ಡಬ್ಬಿಗೆ ಕೈಹಾಕುತ್ತಿದ್ದರು. ಆದರೆ ಹೊರದೇಶದ ಯಂತ್ರಗಳಿಗೆ ಇಂಟಿ ಪೇರಿನ ಸೂಕ್ಷ್ಮ ಎಲ್ಲಿ ತಿಳಿಯಬೇಕು? ಮೊದಲು ಬಂದ ಮಾತೇ ಹೆಸರು ಎಂದುಕೊಳ್ಳುತ್ತವೆ. ಆದ್ದರಿಂದ ಜಗತ್ತಿನ ಸಮಸ್ತ ಕಂಪನಿಗಳೂ ನನ್ನನ್ನು ಕರೆಯುವುದು “ಹಾಯ್ ಶೇಷಗಿರಿ” ಎಂದೇ.

ಅಪ್ಪನಿಗೆ ಕನ್ನಡ ಪತ್ರಿಕೆ ಓದಲು, ಹರಿಕಥೆ ಕೇಳಲು ಹೊಸದಾಗಿ ಟ್ಯಾಬು ತಂದುಕೊಟ್ಟಾಗ, ಅವರಿಗೊಂದು ಬೇರೆ ಖಾತೆ ತೆರೆಯುವ ಸೋಮಾರಿತನಕ್ಕೆ ನನ್ನದನ್ನೇ ಹಾಕಿಕೊಟ್ಟಿದ್ದೆ. ಆ ವಾರವೇ ಈ ಪತ್ರ ಹರಿಕಥೆಯ ಮಧ್ಯೆ ಇಣುಕಿತು. “ಹಾಯ್ ಶೇಷಗಿರಿ, ಬ್ಯಾಂಕಿನ ಲೆಕ್ಕಗಳನ್ನು ತಾಳೆ ಹಾಕುವುದರಲ್ಲಿ ನಿಮಗಿರುವ ದೀರ್ಘ ಅನುಭವ…” ಅಪ್ಪ ಜೀವಮಾನವಿಡೀ ಮಾಡಿದ್ದು ಅದನ್ನೇ, ಆ ಶಾಖೆಯ ಲೆಕ್ಕಕ್ಕೆ ಈ ಶಾಖೆಯ ಲೆಕ್ಕ ತಾಳೆ ಹಾಕುವುದನ್ನು. ಅಳತೆ ಕೊಟ್ಟು ಹೊಲಿಸಿದ ಅಂಗಿಯಂತೆ ಪತ್ರ ಅವರಿಗೆ ಹೊಂದಿಕೊಂಡಿತು.

ಬೇರೆ ಯಾರಾದರೂ ಆಗಿದ್ದರೆ ಅನುಮಾನಪಡುತ್ತಿದ್ದರು. ಅಪ್ಪನ ಜಾಯಮಾನವೇ ಬೇರೆ. ಯಾರಾದರೂ ಕರೆದರೆಂದರೆ ಕರೆದರು, ಅಷ್ಟೇ. ಒನ್ ಟೌನಿನಲ್ಲಿ ಮಂಗಳಗಿರಿ ಸೀರೆಗಳ ವ್ಯಾಪಾರಿಯೊಬ್ಬರು ಬ್ಯಾಂಕಿನ ಮೆಟ್ಟಿಲಿಳಿಯುತ್ತಾ, “ಒಕಸಾರಿ ಮಾ ಇಂಟಿಕಿ ರಾವಾಲಂಡೀ” ಎಂದರಂತೆ. ಒಂದು ಸಲ ಮನೆಗೆ ಬನ್ನಿ ಎನ್ನುವ ಬಾಯುಪಚಾರ. ಅಪ್ಪ ಬಂದ ಭಾನುವಾರವೇ ಅಮ್ಮನನ್ನೂ ನನ್ನನ್ನೂ ಒಂದು ಚಿಪ್ಪು ಬಾಳೆಹಣ್ಣನ್ನೂ ರಿಕ್ಷಾದಲ್ಲಿ ಹೇರಿಕೊಂಡು ಅವರ ಮನೆಗೆ ಹೋದರು. ಕೆನ್ನೆಯ ತುಂಬ ಸೋಪಿನ ನೊರೆ ಹಚ್ಚಿಕೊಂಡು ಬಾಗಿಲು ತೆರೆದ ಆ ಮನುಷ್ಯ, ನಾವು ಯಾರೆಂದು ತಿಳಿಯದೆ, ತಿಳಿದ ಮೇಲೆ ಯಾಕೆ ಬಂದೆವೆಂದು ತಿಳಿಯದೆ ನಿಂತದ್ದು ನನಗೆ ಇವತ್ತಿಗೂ ನೆನಪಿದೆ. ಆದರೂ ಮಧ್ಯಾಹ್ನ ಎಲೆ ಬಿತ್ತು. ಅವರ ಹೆಂಡತಿ ಅಮ್ಮನಿಗೆ ಆವಕಾಯಿ ಉಪ್ಪಿನಕಾಯಿ ಹಾಕುವುದನ್ನು ಕಲಿಸಿದರು. ಆಮೇಲೆ ನಾವು ವಿಜಯವಾಡದಲ್ಲಿದ್ದಷ್ಟು ಕಾಲವೂ ಬೇಸಗೆಯ ಆವಕಾಯಿಯನ್ನು ಎರಡು ಮನೆಯವರೂ ಸೇರಿಯೇ ಹಾಕುತ್ತಿದ್ದರು.

ಇಷ್ಟು ಕರೆಗೆ ಓಗೊಡುವ ಅಪ್ಪ, ಬ್ಯಾಂಕು ಕರೆದಾಗ ಮಾತ್ರ ಹೋಗಲಿಲ್ಲ. ಬ್ಯಾಂಕಿನವರಿಗೆ ಬಡ್ತಿಯೆಂದರೆ ವರ್ಗವೂ ಹೌದು. ವರ್ಗ ಬೇಡವೆಂದವರು ಬಡ್ತಿಯೂ ಬೇಡವೆಂದು ಬರೆದುಕೊಡಬೇಕು. ಅಪ್ಪ ಬರೆದುಕೊಟ್ಟರು, ಕರೆದಾಗಲೆಲ್ಲ. ಕಾರಣ ನನ್ನ ಓದು. ಅದರಲ್ಲಿ ಒಂದು ಸಲ ಹಾಕಿದ್ದು ಅರಸೀಕೆರೆಗೆ. ಹಾಸನದಿಂದ ಒಂದು ಗಂಟೆಯ ದಾರಿ. ಹಾಸನದಲ್ಲಿ ಆಗ ನನ್ನ ಅಜ್ಜಿ, ಅಮ್ಮನ ಅಮ್ಮ, ಇನ್ನೂ ಇದ್ದಳು.

ಆ ಸಂಜೆ ಅಪ್ಪ ಮನೆಗೆ ಬಂದು ಚಪ್ಪಲಿ ಬಿಡುತ್ತಾ ಹೇಳಿದ್ದು ಹೀಗೆ. “ಅರಸೀಕೆರೆಗೆ ಹಾಕಿದ್ರು. ಬೇಡ ಅಂತ ಬರೆದುಕೊಟ್ಟು ಬಂದೆ. ವಸೂದು ಇಂಟರು, ಮಧ್ಯದಲ್ಲಿ ಕಿತ್ತು ಅಲ್ಲಿ ನೆಟ್ಟರೆ ಬೇರು ಹಿಡಿಯಲ್ಲ.”

ವಿಜಯವಾಡದಲ್ಲಿ ಇಂಟರ್, ನಮ್ಮ ಕಡೆಯ ಪಿಯುಸಿ, ಎಂದರೆ ಸಾಮಾನ್ಯವಲ್ಲ. ರಸ್ತೆ ದಾಟುವಾಗಲೂ ಭೌತಶಾಸ್ತ್ರದ ಸೂತ್ರ ಗೊಣಗುವ ಮಕ್ಕಳ ಊರು ಅದು. ಇಂದ್ರಕೀಲಾದ್ರಿ ಬೆಟ್ಟದ ದೇವಸ್ಥಾನದ ಮೆಟ್ಟಿಲುಗಳ ಮೇಲೆ ಕೂತು ದುರ್ಗಮ್ಮನ ಕಡೆಗೆ ಒಂದು ಕಣ್ಣು, ಪುಸ್ತಕದ ಕಡೆಗೆ ಒಂದು ಕಣ್ಣು ಇಟ್ಟವರನ್ನು ನಾನೇ ನೋಡಿದ್ದೇನೆ, ನಾನೇ ಆಗಿದ್ದೇನೆ. ಅಪ್ಪನ ಮಾತು ಕೇಳಿ ನನಗೆ ಹಾಯೆನಿಸಿತು. ಅಮ್ಮ “ಹೂಂ” ಎಂದಳು. ಸ್ವಲ್ಪ ಹೊತ್ತಿನ ಮೇಲೆ, ರಾತ್ರಿಗೆ ಸಾರು ಮಾಡಲೋ ಹುಳಿ ಮಾಡಲೋ ಎಂದು ಕೇಳಿದಳು. ಆ ಮನೆಯಲ್ಲಿ ಆ ಸಂಜೆ ಇನ್ನೊಬ್ಬರನ್ನು ಏನಾದರೂ ಕೇಳಿದವಳು ಅವಳೊಬ್ಬಳೇ.

ನಾವು ಹಾಸನಕ್ಕೆ ಹೋಗದಿದ್ದರೂ ಹಾಸನ ವರ್ಷಕ್ಕೊಮ್ಮೆ ನಮ್ಮಲ್ಲಿಗೆ ಬರುತ್ತಿತ್ತು. ಚಳಿಗಾಲ ಬಂತೆಂದರೆ ಅಜ್ಜಿ ರೈಲಿಳಿಯುತ್ತಿದ್ದಳು. ನನಗೆ ಕನ್ನಡ ಕಲಿಸಿದವಳು ಅವಳೇ. ಅದಕ್ಕೇ ನನ್ನ ಕನ್ನಡದಲ್ಲಿ ಒರಳಿದೆ, ಒನಕೆಯಿದೆ, ಮಿಕ್ಸಿ ಇಲ್ಲ. ಬೆಂಗಳೂರಿನ ಸಹೋದ್ಯೋಗಿಯೊಬ್ಬನಿಗೆ ಫೋನಿನಲ್ಲಿ “ಅದೆಲ್ಲ ಹಾಗಿರಲಿ, ಉಭಯಕುಶಲೋಪರಿ?” ಎಂದು ಕೇಳಿದಾಗ ಅವನು “ಮೇಡಂ, ಆ ಫೈಲು ನನಗಿನ್ನೂ ಬಂದಿಲ್ಲ” ಎಂದ. ಅಮ್ಮನಿಗೆ ಕನ್ನಡದಲ್ಲಿ ಮಾತಾಡಲು ಅಂಥ ಸಹೋದ್ಯೋಗಿಗಳೂ ಇರಲಿಲ್ಲ. ಅಜ್ಜಿ ಹೋದ ಮೇಲೆ ಅವಳ ಕನ್ನಡವೆಲ್ಲ ಅಪ್ಪನನ್ನು ಗದರುವುದಕ್ಕೆ, ನನ್ನನ್ನು ಎಬ್ಬಿಸುವುದಕ್ಕೆ ಮೀಸಲಾಯಿತು.

ನಾನು ಕೆಲಸಕ್ಕೆ ಸೇರಿ ಇಬ್ಬರನ್ನೂ ವಿಶಾಖಪಟ್ಟಣಕ್ಕೆ ಕರೆತಂದ ಮೇಲೆ ಕೆಳಗಿನ ಮನೆಗೆ ನೌಕಾಪಡೆಯವರೊಬ್ಬರು ಬಾಡಿಗೆಗೆ ಬಂದರು. ಅವರ ಹೆಂಡತಿ ಮಂಡ್ಯದವಳು. ಎರಡು ವರ್ಷ ಅಮ್ಮನ ಬಾಯಿಗೆ ಹಬ್ಬ. ಆಮೇಲೆ ಅವರಿಗೆ ಕಾರವಾರಕ್ಕೆ ವರ್ಗವಾಯಿತು. ಸಾಮಾನಿನ ಲಾರಿ ತಿರುವು ದಾಟುವವರೆಗೂ ಬಾಲ್ಕನಿಯಲ್ಲಿ ನಿಂತಿದ್ದ ಅಮ್ಮ, “ಅಲ್ಲೂ ಇಂಥದೇ ಸಮುದ್ರವಂತೆ. ಆದ್ರೆ ಬಸ್ಸಿನ ಬೋರ್ಡು ಕನ್ನಡದಲ್ಲಿರುತ್ತೆ” ಎಂದಳು. ನಾನು ಅದನ್ನು ಬಸ್ಸಿನ ವಿಚಾರವೆಂದೇ ತಿಳಿದೆ.

ಮತ್ತೆ ಆ ಬೆಳಗಿನ ತಿಂಡಿಗೆ ಬರುತ್ತೇನೆ. ನಿಜ ಹೇಳಿಬಿಡೋಣವೆಂದು ಶುರುಮಾಡಿದೆ.

“ಅಪ್ಪ, ಇಂಥ ಪತ್ರ ತುಂಬ ಜನಕ್ಕೆ ಬರುತ್ತೆ.”

“ನಿನಗೂ ಬರುತ್ತಾ?”

“ಬರುತ್ತೆ.”

“ಮತ್ತೆ? ಅಪ್ಪನಿಗೆ ಬಂದ್ರೆ ಮಾತ್ರ ಆಶ್ಚರ್ಯವೇನೇ?” ಎಂದು ಅಪ್ಪ ಅಮ್ಮನ ಕಡೆ ನೋಡಿ ನಕ್ಕರು. ಅಮ್ಮನೂ ನಕ್ಕಳು. ಅವರಿಬ್ಬರೂ ಒಟ್ಟಿಗೆ ನಕ್ಕದ್ದನ್ನು ನೋಡಿ ನಾನು ಖಾಲಿ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದೆ.

ಆ ವಾರವೇ ಕಂಪನಿಯಿಂದ ಫೋನು ಬರುವುದೆಂದು ಗೊತ್ತಾಯಿತು. ಅಪ್ಪ ಇಸ್ತ್ರಿ ಮಾಡಿದ ತುಂಬುತೋಳಿನ ಅಂಗಿ ತೊಟ್ಟು, ಕೆಳಗೆ ಪಂಚೆಯುಟ್ಟು, ಕುರ್ಚಿಯಲ್ಲಿ ನೇರವಾಗಿ ಕೂತರು.

“ಫೋನಿನಲ್ಲಿ ಏನೂ ಕಾಣಲ್ಲ ಅಪ್ಪ.”

“ನನಗೆ ಕಾಣುತ್ತಲ್ಲ.”

ಅವರ ಕಿವಿ ಮಂದವಾದ್ದರಿಂದ ಫೋನಿನ ಮಾತು ಮನೆಗೆಲ್ಲ ಕೇಳುತ್ತಿತ್ತು. ಅಮ್ಮ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು. ಆ ಕಡೆಯಿಂದ ಎಳೆಯ ಹುಡುಗಿಯ ದನಿ, ಚುರುಕಾದ ಇಂಗ್ಲಿಷಿನಲ್ಲಿ, ಶೇಷಗಿರಿಯವರೊಂದಿಗೆ ಮಾತಾಡಬಹುದೇ ಎಂದಿತು. “ಸ್ಪೀಕಿಂಗ್” ಎಂದರು ಅಪ್ಪ, ಮ್ಯಾನೇಜರ ಗತ್ತಿನಲ್ಲಿ.

ನೀವು ಯಾವ ಯಾವ ಲ್ಯಾಂಗ್ವೇಜುಗಳಲ್ಲಿ ಕೆಲಸ ಮಾಡಿದ್ದೀರಿ ಎಂದು ಹುಡುಗಿ ಕೇಳಿದಳು. ಅವಳು ಕೇಳಿದ್ದು ಕಂಪ್ಯೂಟರಿನ ಭಾಷೆಗಳನ್ನು. “ಕನ್ನಡ, ತೆಲುಗು, ಇಂಗ್ಲಿಷ್, ಹಿಂದಿ. ತಮಿಳು ಮಾತಾಡಿದರೆ ಅರ್ಥವಾಗುತ್ತೆ” ಎಂದರು ಅಪ್ಪ. ಹುಡುಗಿ ಮುಂದಿನ ಪ್ರಶ್ನೆಗೆ ಹೋದಳು. ಕೋಡಿಂಗ್ ಹೇಗೆ, ಈಗಲೂ ಅಭ್ಯಾಸವಿದೆಯೇ ಎಂದಳು.

“ಕೋಡಾ? ನಮ್ಮ ವಲಯದ ಅಷ್ಟೂ ಶಾಖೆಗಳ ಕೋಡು ಬಾಯಲ್ಲೇ ಇದೆ. ಯಾವುದು ಬೇಕು ಕೇಳಿ.”

ನಾನು ಮುಖ ಮುಚ್ಚಿಕೊಂಡೆ. ಆಮೇಲೆ ಹುಡುಗಿ ಇಂಗ್ಲಿಷನ್ನು ಮೆಲ್ಲಗೆ ಕೆಳಗಿಟ್ಟಳು. “ಸರ್, ಮೀರು ತೆಲುಗುವಾರಾ ಅಂಡೀ?”

“ಕಾದಮ್ಮಾ, ಕನ್ನಡವಾಳ್ಳಂ. ಬೆಜವಾಡಲೋ ಚಾಲಾ ಏಳ್ಳು ಉನ್ನಾಂ.” ಅಲ್ಲಮ್ಮ, ಕನ್ನಡದವರು, ಬೆಜವಾಡದಲ್ಲಿ ಬಹಳ ವರ್ಷ ಇದ್ದೆವು ಎಂದರು ಅಪ್ಪ. ವಿಜಯವಾಡವನ್ನು ಹಳಬರು ಕರೆಯುವುದು ಬೆಜವಾಡ ಎಂದು.

“ಅವುನಾ! ಮಾದೀ ಬೆಜವಾಡೇನಂಡೀ!” ಎಂದು, ತನ್ನದೂ ಅದೇ ಊರೆಂದು, ಹುಡುಗಿ ಕೂಗಿಬಿಟ್ಟಳು. ಆಮೇಲೆ ನಡೆದದ್ದನ್ನು ಸಂದರ್ಶನವೆಂದು ಯಾವ ಕಂಪನಿಯೂ ಒಪ್ಪಲಾರದು. ಅವಳ ತಾತನ ಅಂಗಡಿ ಒನ್ ಟೌನಿನ ಯಾವ ಗಲ್ಲಿಯಲ್ಲಿತ್ತು, ಆ ಗಲ್ಲಿಯ ಮೂಲೆಯಲ್ಲಿ ಸೋಡಾ ಮಾರುತ್ತಿದ್ದವನ ಮೀಸೆ ಹೇಗಿತ್ತು, ಇಬ್ಬರೂ ಮಾತಾಡಿಕೊಂಡರು. ಎದುರಿಗಿರುವವರು ತಾನು ಹುಡುಕುತ್ತಿರುವ ಶೇಷಗಿರಿಯಲ್ಲವೆಂದು ಅವಳಿಗೆ ಗೊತ್ತಾಗಿತ್ತು. ಅವಳು ಫೋನಿಡಲಿಲ್ಲ. ಕೊನೆಗೆ, ಕೇಳದೆ ಬಿಟ್ಟರೆ ಹಿರಿಯರಿಗೆ ಬೇಸರವಾದೀತೆಂದೋ ಏನೋ, ಬೆಂಗಳೂರಿಗೆ ಹೋಗಲು ನಿಮಗೆ ಒಪ್ಪಿಗೆಯೇ ಎಂದು ಕೇಳಿದಳು.

ಅಪ್ಪ ಅಮ್ಮನ ಕಡೆ ನೋಡಿದರು. “ಒಪ್ಪಿಗೆ ಅಮ್ಮಾ. ಯಾವಾಗ ಅಂದರೆ ಆವಾಗ” ಎಂದು ತೆಲುಗಿನಲ್ಲಿ ಹೇಳಿದರು.

“ಮಳ್ಳೀ ಕಾಲ್ ಚೇಸ್ತಾಮಂಡೀ” ಎಂದು ಹುಡುಗಿ ಫೋನಿಟ್ಟಳು. ಮತ್ತೆ ಫೋನು ಮಾಡುತ್ತೇವೆ ಎಂದರೆ ನಮ್ಮ ಕಸುಬಿನಲ್ಲಿ ಮುಗಿಯಿತು ಎಂದರ್ಥ. ಅಪ್ಪನಿಗೆ ಅದರ ಅರ್ಥ, ಮತ್ತೆ ಫೋನು ಮಾಡುತ್ತಾರೆ ಎಂದು.

ಅವರು ಕಾದರು. ಅಮ್ಮ ಕಾಯಲಿಲ್ಲ, ಹೊರಡಲು ಶುರುಮಾಡಿದಳು. ಅಟ್ಟದ ಪಾತ್ರೆಗಳಲ್ಲಿ ಯಾವುದು ಬೇಕು, ಯಾವುದು ಬೇಡ ಎಂದು ಬೇರೆ ಬೇರೆ ಮಾಡಿದಳು. ಮಾವಿನಕಾಯಿ ಮಾರುವವನು ಗೇಟಿನಲ್ಲಿ ನಿಂತು, ಆವಕಾಯಿಗೆ ಹುಳಿಹುಳಿಯಾದ ಕಾಯಿ ತಂದಿದ್ದೇನೆಂದು ಕೂಗಿದ. ಪ್ರತಿ ವರ್ಷ ಅವನ ಬುಟ್ಟಿಯನ್ನು ಮೊದಲು ಇಳಿಸಿಕೊಳ್ಳುವವಳೇ ಅಮ್ಮ.

“ಈ ಏಡು ವದ್ದು ಬಾಬೂ. ಮೇಮು ಮಾ ಊರು ವೆಳ್ತುನ್ನಾಂ.” ಈ ವರ್ಷ ಬೇಡಪ್ಪ, ನಾವು ನಮ್ಮೂರಿಗೆ ಹೋಗುತ್ತಿದ್ದೇವೆ.

ಅದನ್ನು ಕೇಳಿದ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಅಪ್ಪನ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಎಲ್ಲ ಹೇಳಿದೆ. ಶಾಲೆಯ ಗುಮಾಸ್ತರು, ಇಂಟಿ ಪೇರು, ಟ್ಯಾಬು, ಎಲ್ಲ. ಅಪ್ಪ ಕೇಳಿಸಿಕೊಂಡು ಫ್ಯಾನನ್ನು ನೋಡಿದರು.

“ಹಾಗಾದ್ರೆ ಆ ಹುಡುಗಿ ಅಷ್ಟು ಹೊತ್ತು ನನ್ನ ಜೊತೆ ಯಾಕೆ ಮಾತಾಡಿದ್ಲು?”

“ಒಳ್ಳೇ ಹುಡುಗಿ ಅಪ್ಪ.”

“ಹೂಂ. ಒಳ್ಳೇ ಹುಡುಗಿ.” ಮತ್ತೆ ಫ್ಯಾನನ್ನು ನೋಡಿ, ತಟ್ಟನೆ ಚೇತರಿಸಿಕೊಂಡರು. “ನಿನಗೇ ಬಂದದ್ದು ಅಂದ್ರೆ ಇನ್ನೂ ಒಳ್ಳೇದಾಯ್ತಲ್ಲೇ. ನೀನೇ ಒಪ್ಕೋ.”

“ಇಷ್ಟು ವರ್ಷ ನಿಮಗೋಸ್ಕರವೇ ಅಲ್ವಾ ಅಪ್ಪ ನಾನು ಬೇಡ ಅಂದಿದ್ದು.”

“ನಮಗೋಸ್ಕರಾನಾ? ನಮ್ಮನ್ನ ಕೇಳಿದ್ಯಾ?”

“ಅರಸೀಕೆರೆಗೆ ಹಾಕಿದಾಗ ನೀವು ಅಮ್ಮನ್ನ ಕೇಳಿದ್ರಾ?”

ಹೇಳಬಾರದಿತ್ತು ಎನಿಸಿತು. ಅಷ್ಟರಲ್ಲಿ ಒಳಗಿನಿಂದ ಅಮ್ಮನ ದನಿ ಬಂತು: “ಕಾಫಿ ಈಗಲೇ ಬೆರೆಸ್ಲಾ, ಆಮೇಲೆ ಕುಡೀತೀರಾ?” ಅವಳಿಗೆ ಎಲ್ಲವೂ ಕೇಳಿಸಿತ್ತು. ಕಾಫಿ ತಂದಿಟ್ಟು ಅವಳೂ ಕೂತಳು.

ನಾನು ಆ ಹುಡುಗಿಗೆ ಬರೆದೆ. ಅವಳು ನಕ್ಕು, ತಂದೆಯವರು ಹೇಗಿದ್ದಾರೆಂದು ಕೇಳಿ, ನನಗೊಂದು ಪರೀಕ್ಷೆ ಏರ್ಪಡಿಸಿದಳು. ನನ್ನ ಕೆಲಸ ನೋಡಿ ಮೈಮರೆತಿದ್ದ ಕಂಪನಿ, ಪರದೆಯ ಮೂಲೆಯಲ್ಲಿ ಗಡಿಯಾರ ಓಡಿಸುತ್ತಾ, ಅಂಕಿಗಳನ್ನು ಕೊಂಬೆಕೊಂಬೆಯಾಗಿ ಜೋಡಿಸಿದ ಒಂದು ಮರ ಕೊಟ್ಟು ಅದರ ಎಡಗಡೆಯನ್ನು ಬಲಕ್ಕೆ, ಬಲಗಡೆಯನ್ನು ಎಡಕ್ಕೆ ಮಾಡು ಎಂದಿತು. ಕಾಲೇಜು ಬಿಟ್ಟ ಮೇಲೆ ನಾನು ಅಂಥ ಮರ ಮುಟ್ಟಿದವಳಲ್ಲ. ಒಂದು ಕೊಂಬೆ ಹಿಡಿದರೆ ಇನ್ನೊಂದು ಜಾರಿತು. ಗಡಿಯಾರ ನಿಂತಾಗ ನಾನು ಬುಡದಲ್ಲೇ ಕೂತಿದ್ದೆ. ಉತ್ತರ ಬೇಗನೆ ಬಂತು. “ಹಾಯ್ ಶೇಷಗಿರಿ, ಬಹಳ ಯೋಚಿಸಿದ ಮೇಲೆ, ಸದ್ಯಕ್ಕೆ ಬೇರೆಯವರೊಂದಿಗೆ ಮುಂದುವರಿಯಲು…”

“ನಮ್ಮಿಬ್ಬರನ್ನೂ ಒಂದೇ ಕಾಗದದಲ್ಲಿ ಮುಗಿಸಿದಾರೆ ನೋಡು” ಎಂದರು ಅಪ್ಪ.

ಆಮೇಲೆ ಬೇರೆ ಪತ್ರಗಳಿಗಾಗಿ ಕಾದೆ. ದೊಡ್ಡ ಕಂಪನಿಗಳೆಲ್ಲ ಇದ್ದವರನ್ನೇ ಮನೆಗೆ ಕಳಿಸುತ್ತಿದ್ದ ಕಾಲ. ಪನ್ನೀರು ಚಿಮುಕಿಸುವವರು ಬಾಗಿಲು ಬಿಟ್ಟು ಹೋಗಿದ್ದರು. ಪ್ರತಿದಿನ ಕಾಫಿಯ ಜೊತೆಗೆ ಅಳಿಸಿಹಾಕಿದ್ದ ಬೆಂಗಳೂರುಗಳಲ್ಲಿ ಒಂದೇ ಒಂದು ಬಂದರೆ ಸಾಕೆಂದು ಕೂತಿರುತ್ತಿದ್ದೆ. ವಿದ್ಯುತ್ ಬಿಲ್ಲು ಬರುತ್ತಿತ್ತು, ಸೋಫಾ ಮಾರುವವರ ಜಾಹೀರಾತು ಬರುತ್ತಿತ್ತು.

ಒಂದು ದಿನ ಊಟ ಮಾಡುತ್ತಾ ಅಪ್ಪನೇ ಎತ್ತಿದರು. “ಇವಳೇ, ಯಾರೂ ಕರೀದಿದ್ರೆ ಬೇಡ. ನಾವಾಗೇ ಹೋಗೋಣ. ಹಾಸನದಲ್ಲಿ ಒಂದು ಬಾಡಿಗೆ ಮನೆ ನೋಡೋಣ. ವಸೂನ ಆಫೀಸಿನವರು ಮನೇಲೇ ಕೂತು ಕೆಲಸ ಮಾಡು ಅಂತಾರಂತೆ.” ಒಂದು ತುತ್ತು ನುಂಗಿ, “ನೀನೇನಂತೀಯ?” ಎಂದರು.

ಅಮ್ಮ ಸಾರಿನ ಸೌಟು ಹಿಡಿದು ಅವರನ್ನೇ ನೋಡಿದಳು. “ಹೋಗೋಣ” ಎಂದಳು.

ಮೂವರೂ ಹೋದೆವು. ಅಜ್ಜಿಯಿದ್ದ ಬೀದಿಗೆ ಎರಡು ಬೀದಿ ಆಚೆ ಒಂದು ಮನೆ ಸಿಕ್ಕಿತು. ಹಿತ್ತಲಿತ್ತು, ಬಟ್ಟೆ ಒಗೆಯುವ ಕಲ್ಲಿತ್ತು, ಯಜಮಾನರು ಒಳ್ಳೆಯವರು. ಅಮ್ಮ ಆ ಕಲ್ಲಿನ ಮೇಲೆ ಕೈಯಾಡಿಸಿ ನೋಡಿದಳು. ಮುಂಗಡ ಮರುದಿನ ಕೊಡುವುದೆಂದಾಯಿತು. ಸಂಜೆ ಅಪ್ಪ ಲಾಡ್ಜಿನಲ್ಲಿ ಮಲಗಿದ್ದಾಗ ಅಮ್ಮ, “ಬಾರೇ, ಇಲ್ಲಿ ತರಕಾರಿ ಹೇಗಿದೆ ನೋಡ್ಕೊಂಡು ಬರೋಣ” ಎಂದು ನನ್ನನ್ನು ಹೊರಡಿಸಿದಳು.

ರಸ್ತೆಬದಿಯಲ್ಲಿ ಗೋಣಿ ಹಾಸಿ ಕೂತಿದ್ದ ಹೆಂಗಸಿನ ಮುಂದೆ ಅಮ್ಮ ಕುಕ್ಕರಗಾಲಿನಲ್ಲಿ ಕೂತಳು. ಹುರುಳಿಕಾಯಿಯನ್ನು ಮುರಿದು ನೋಡಿದಳು. ಬೆರಳಿಗೆ ಎಳೆಯದು ಸಿಕ್ಕಿದ ಸಂತೋಷಕ್ಕೆ ಕೇಳಿಯೂಬಿಟ್ಟಳು:

“ಇದು ಎಂತ ಅಮ್ಮಾ?”

ತೆಲುಗಿನಲ್ಲಿ ಎಂತ ಎಂದರೆ ಎಷ್ಟು. ಆ ಹೆಂಗಸು ಸಕಲೇಶಪುರದ ಕಡೆಯವಳು, ಅವಳ ಕನ್ನಡದಲ್ಲಿ ಎಂತ ಎಂದರೆ ಏನು.

“ಇದಾ? ಹುರುಳಿಕಾಯಿ ಅಮ್ಮ” ಎಂದು ಅವಳು ಒಂದು ಕಾಯಿ ಎತ್ತಿ, ಮಗುವಿಗೆ ತೋರಿಸುವಂತೆ ತೋರಿಸಿದಳು. “ಪಲ್ಯ ಮಾಡ್ತಾರೆ. ಹುಳಿಗೂ ಹಾಕ್ತಾರೆ. ನಿಮ್ಮ ಕಡೆ ಸಿಗಲ್ವೇನೋ.”

ನಾನು ನಕ್ಕೆ. ಅಮ್ಮನೂ ನಕ್ಕು, ತನ್ನ ತಪ್ಪು ತಿಳಿದು, ಹುರುಳಿಕಾಯಿ ಪಲ್ಯಕ್ಕೆ ಕಾಯಿತುರಿ ಎಷ್ಟು ಬೇಕು, ಇಂಗು ಯಾವಾಗ ಹಾಕಬೇಕು ಎಂದೆಲ್ಲ ಕನ್ನಡದಲ್ಲೇ ಹೇಳಿದಳು. ಆ ಹೆಂಗಸು ತಕ್ಕಡಿ ಹಿಡಿದುಕೊಂಡು ಮೆಚ್ಚಿಗೆಯಿಂದ ಕೇಳಿದಳು.

“ಕನ್ನಡ ಎಷ್ಟು ಚೆನ್ನಾಗಿ ಕಲ್ತಿದೀರಮ್ಮ! ಯಾವೂರು ನಿಮ್ದು?”

ಅಮ್ಮ ಚೀಲದ ಬಾಯಿ ಅಗಲಿಸಿ ಹಿಡಿದಳು.

“ವಿಜಯವಾಡ” ಎಂದಳು.

ಮರುದಿನ ಬೆಳಿಗ್ಗೆ ಮನೆಯ ಯಜಮಾನರಿಗೆ ಅಮ್ಮನೇ ಫೋನು ಮಾಡಿ, ನಾವು ನಮ್ಮೂರಿಗೆ ಹೊರಟೆವು, ಮನೆಯನ್ನು ಬೇರೆ ಯಾರಿಗಾದರೂ ಕೊಡಿ ಎಂದು ಹೇಳಿದಳು. ಸಂಜೆಯ ರೈಲಿಗೆ ಮೂವರೂ ಹೊರಟೆವು.